ಒಂದೇ ಕ್ಯಾಮೆರಾದಿಂದ ಘನಚಿತ್ರ

ನಮ್ಮೂರು ಭಂಡಿಗಡಿ. ಅಡಕೆ ಮರವೇರಿ ಕೊನೆ ಕೊಯ್ಯುವುದು ನನ್ನ ತಂದೆಯವರ ಕಸುಬು. ಬಾಲ್ಯದಲ್ಲಿಯೇ ಅವರಿಗೆ ಒಂದು ಕಣ್ಣು ಹೋಯಿತು. ಆದರೂ ಮರದಿಂದ ಪಕ್ಕದ ಮರಕ್ಕೆ ಅವರು ಚಾಚಿದ ಕೈ ತಪ್ಪಿದ್ದನ್ನು ನಾನು ಕಂಡಿಲ್ಲ. ಕೈ ಚಾಚುವ ಮೊದಲು ತಲೆಯನ್ನು ಒಮ್ಮೆ ಎಡಕ್ಕೂ ಒಮ್ಮೆ ಬಲಕ್ಕೂ ಓಲಿಸುತ್ತಾರೆ. ಅದು ಬರಿಯ ಅಭ್ಯಾಸವೆಂದೇ ಬಹುಕಾಲ ತಿಳಿದಿದ್ದೆ. ಘನಚಿತ್ರ ತೆಗೆಯಲು ಕಲಿತ ಮೇಲೆ ಅದರ ಅರ್ಥವಾಯಿತು.

ಮನುಷ್ಯನ ಎರಡು ಕಣ್ಣುಗಳ ನಡುವಣ ಅಂತರ ಸುಮಾರು 6.5 ಸೆಂಟಿಮೀಟರು. ಆದುದರಿಂದ ಒಂದೇ ವಸ್ತು ಅವುಗಳಿಗೆ ತುಸು ಬೇರೆ ಬೇರೆಯಾಗಿ ಕಾಣುತ್ತದೆ. ಈ ಎರಡು ನೋಟಗಳನ್ನು ಕೂಡಿಸಿ ಮಿದುಳು ದೂರ ಹತ್ತಿರಗಳನ್ನು ಅರಿಯುತ್ತದೆ. ಇಂಗ್ಲೆಂಡಿನ ಚಾರ್ಲ್ಸ್ ವ್ಹೀಟ್‌ಸ್ಟನ್ ಇದನ್ನು 1838ರಲ್ಲಿ ಕನ್ನಡಿಗಳ ಸ್ಟೀರಿಯೊಸ್ಕೋಪಿನಿಂದ ತೋರಿಸಿಕೊಟ್ಟನು. ಆಗಿನ್ನೂ ಛಾಯಾಚಿತ್ರ ಬಳಕೆಗೆ ಬಂದಿರಲಿಲ್ಲ. ಕೈಯಿಂದ ಬರೆದ ಗೆರೆಚಿತ್ರಗಳೇ ಅವನಿಗೆ ಸಾಕಾದವು.

ಇದಕ್ಕೆ ವಿಶೇಷ ಕ್ಯಾಮೆರಾ ಬೇಕಿಲ್ಲ; ಮೊಬೈಲ್ ಫೋನೂ ಆದೀತು. ಕಾಲುಗಳನ್ನು ಅಗಲಿಸಿ ನಿಂತು, ಮೈಭಾರವನ್ನು ಎಡಗಾಲಿನ ಮೇಲೆ ಹಾಕಿ ಒಂದು ಚಿತ್ರ ತೆಗೆಯಿರಿ. ಬಳಿಕ ಭಾರವನ್ನು ಬಲಗಾಲಿಗೆ ಸಾಗಿಸಿ ಇನ್ನೊಂದು ತೆಗೆಯಿರಿ. ಕ್ಯಾಮೆರಾ ಪಕ್ಕಕ್ಕೆ ಸರಿಯಬೇಕೇ ಹೊರತು ತಿರುಗಬಾರದು, ಏರಿಳಿಯಲೂ ಬಾರದು. ಅತಿ ಸಮೀಪದ ವಸ್ತುವಿನ ದೂರದ ಮೂವತ್ತನೆಯ ಒಂದು ಪಾಲು ಸರಿದರೆ ಸಾಕು. ಎಂದರೆ ಎರಡು ಮೀಟರಿಗೆ ಸುಮಾರು ಆರೂವರೆ ಸೆಂಟಿಮೀಟರು, ಆರು ಮೀಟರಿಗೆ ಇಪ್ಪತ್ತು. ಎರಡು ಚಿತ್ರಗಳ ನಡುವೆ ಕಾಲ ಸರಿಯುವುದರಿಂದ ಅಲುಗಾಡುವ ವಸ್ತು ಕೂಡದು. ಶೃಂಗೇರಿಯ ವಿದ್ಯಾಶಂಕರ ದೇವಾಲಯದ ಹೊರಗೋಡೆಯ ಶಿಲ್ಪಗಳು ಒಳ್ಳೆಯ ಅಭ್ಯಾಸ. ಅಡಕೆ ತೋಟಕ್ಕಾದರೆ ಗಾಳಿಯಿಲ್ಲದ ಮುಂಜಾವೇ ಬೇಕು.

ಎಡದ ಚಿತ್ರವನ್ನು ಎಡಕ್ಕೂ ಬಲದ್ದನ್ನು ಬಲಕ್ಕೂ ಇರಿಸಿ. ಎರಡರಲ್ಲಿಯೂ ಕಾಣುವ ಒಂದೇ ವಸ್ತುವಿನ ನಡುವಣ ಅಂತರ ಆರು ಸೆಂಟಿಮೀಟರನ್ನು ಮೀರದಿರಲಿ. ನಡುವೆ ಒಂದು ರಟ್ಟನ್ನು ಮೂಗಿನವರೆಗೆ ನಿಲ್ಲಿಸಿ, ದೂರದ ಬೆಟ್ಟವನ್ನು ನೋಡುವಂತೆ ದೃಷ್ಟಿಯನ್ನು ಸಡಿಲಬಿಡಿ. ತುಸು ಹೊತ್ತಿನಲ್ಲಿ ಎರಡೂ ಒಂದಾಗಿ, ಮರಗಳು ಹಿಂದೆ ಮುಂದೆ ಬಿಡಿಬಿಡಿಯಾಗಿ ನಿಲ್ಲುತ್ತವೆ. ಚಿತ್ರಗಳು ಅದಲುಬದಲಾದರೆ ಮುಂದಿನದು ಹಿಂದೆ, ಹಿಂದಿನದು ಮುಂದೆ ಬಂದೀತು!

ಮನೆಯವರೆಲ್ಲ ನೋಡಿ ಆನಂದಪಟ್ಟರು. ಒಂದು ಕಣ್ಣಿನ ತಂದೆಯವರಿಗೆ ಮಾತ್ರ ಅದು ಕಾಣುವಂತಿರಲಿಲ್ಲ. ನನಗೆ ಬಹಳ ಕೆಡುಕೆನಿಸಿತು. ಕೊನೆಗೆ ಫೋನಿನಲ್ಲಿ ಎರಡು ಚಿತ್ರಗಳನ್ನೂ ಒಂದಾದ ಮೇಲೊಂದರಂತೆ ಬೇಗ ಬೇಗ ತೋರಿಸಿದೆ. ಅವರು ನಕ್ಕು, "ಮುಂದಿನ ಮರ ಜರುಗ್ತದೆ, ಹಿಂದಿನದು ನಿಂತೇ ಇರ್ತದೆ. ಮರದ ಮೇಲೆ ನಾ ನೋಡೋದೂ ಹಿಂಗೇ ಅಲ್ವಾ ಮಗ?" ಎಂದರು.

ನಾನು ಪುಸ್ತಕದಿಂದ ತಿಳಿದ ಪಾಠವನ್ನು ಶಾಲೆಯ ಮೆಟ್ಟಿಲು ಹತ್ತದ ಅವರು ಮರ ಹತ್ತಿಯೇ ಕಲಿತಿದ್ದರು.