ಮೇಜಿನ ಮೇಲೆ ತ್ಸುಶಿಮಾ

ಯಾವ ದೇಶದ ಬಳಿ ಎಷ್ಟು ಯುದ್ಧನೌಕೆಗಳಿವೆ, ಯಾವುದರ ಮೇಲೆ ಎಂಥ ತೋಪುಗಳಿವೆ ಎಂದು ತಿಳಿಯಲು ಜಗತ್ತಿನ ರಕ್ಷಣಾ ತಜ್ಞರು ಇಂದಿಗೂ ತೆರೆದು ನೋಡುವ ಗ್ರಂಥ ‘ಜೇನ್ಸ್ ಫೈಟಿಂಗ್ ಶಿಪ್ಸ್’. ಅದು ಹುಟ್ಟಿದ್ದು ಒಂದು ಆಟದ ಜತೆಗೆ. ಇಂಗ್ಲೆಂಡಿನ ಚಿತ್ರಕಾರ, ಪತ್ರಕರ್ತ ಫ್ರೆಡ್ ಟಿ. ಜೇನ್ 1898ರಲ್ಲಿ ನೌಕಾಯುದ್ಧದ ಆಟವೊಂದನ್ನು ಹೊರತಂದರು. ಆಡುವವರ ಕೈಯಲ್ಲಿ ಹಡಗುಗಳ ವಿವರ ಇರಬೇಕಲ್ಲ? ಅದಕ್ಕಾಗಿ ಅದೇ ವರ್ಷ ತಾವೇ ಚಿತ್ರ ಬರೆದು ಜಗತ್ತಿನ ಯುದ್ಧನೌಕೆಗಳ ಕೈಪಿಡಿಯನ್ನೂ ಪ್ರಕಟಿಸಿದರು.

ಜೇನ್ ಆಟದಲ್ಲಿ ಪ್ರತಿ ಹಡಗಿಗೂ ಒಂದು ಕಾರ್ಡು. ಅದರ ಮೇಲೆ ಹಡಗಿನ ಪಕ್ಕದ ನೋಟ. ಎಲ್ಲೆಲ್ಲಿ ಎಷ್ಟು ದಪ್ಪದ ಉಕ್ಕಿನ ಕವಚವಿದೆ ಎಂಬುದಕ್ಕೆ ಅಕ್ಷರಗಳ ಗುರುತು. ಗುಂಡು ಹಾರಿಸುವುದೆಂದರೆ ಮೊಳೆ ಕೂರಿಸಿದ ಪುಟ್ಟ ಬ್ಯಾಟಿನಿಂದ ಎದುರಾಳಿಯ ಕಾರ್ಡಿಗೆ ಹೊಡೆಯುವುದು. ತೂತು ಬಿದ್ದ ಜಾಗದ ಕವಚವನ್ನು ಆ ತೋಪಿನ ಗುಂಡು ಭೇದಿಸಬಲ್ಲದೇ ಎಂದು ನೋಡಿ ಹಾನಿಯ ಲೆಕ್ಕ ಹಾಕಬೇಕು.

ಅಲ್ಪಾಯುಷಿ ದೈತ್ಯರು

ಜೇನ್ ಆಟದ ಕಾಲದ ಹಡಗುಗಳಿಗೆ ಆಯುಷ್ಯ ಕಡಿಮೆ. ಬ್ರಿಟನ್ನಿನ ‘ಡ್ರೆಡ್‌ನಾಟ್’ 1906ರ ಫೆಬ್ರುವರಿಯಲ್ಲಿ ನೀರಿಗಿಳಿಯಿತು. ಒಂದೇ ಗಾತ್ರದ ಹತ್ತು 12 ಇಂಚಿನ ತೋಪುಗಳು, ಟರ್ಬೈನ್ ಎಂಜಿನ್, 21 ನಾಟ್ ವೇಗ. ಅದರೆದುರು ಅಲ್ಲಿಯವರೆಗಿನ ಯುದ್ಧನೌಕೆಗಳೆಲ್ಲ ಒಮ್ಮೆಲೇ ಹಳತಾದವು. ಹೀಗೆ ಹಿಂದೆ ಬಿದ್ದ, ಸುಮಾರು 1890ರಿಂದ ಕಟ್ಟಲಾದ ಹಡಗುಗಳನ್ನೇ ಡ್ರೆಡ್‌ನಾಟ್‌ಪೂರ್ವ ನೌಕೆಗಳು ಎನ್ನುವುದು. ಜಪಾನಿನ ‘ಮಿಕಾಸಾ’ ಇವುಗಳ ಒಳ್ಳೆಯ ಮಾದರಿ: ಮುಂದೆರಡು ಹಿಂದೆರಡು 12 ಇಂಚಿನ ತೋಪುಗಳು, ಪಕ್ಕಗಳಲ್ಲಿ 6 ಇಂಚಿನ ಹದಿನಾಲ್ಕು, ಸುಮಾರು 15,000 ಟನ್ ಭಾರ. ಇಂಗ್ಲೆಂಡಿನ ಬ್ಯಾರೋದಲ್ಲಿ ಕಟ್ಟಿದ ಆ ಹಡಗು ಇಂದಿಗೂ ಯೊಕೊಸುಕಾದಲ್ಲಿ ಸ್ಮಾರಕವಾಗಿ ನಿಂತಿದೆ.

ಈ ಕಾಲದ ಹಡಗುಗಳ ಚೆಲುವು ಅವುಗಳ ವೈವಿಧ್ಯದಲ್ಲಿದೆ. ಫ್ರೆಂಚ್ ಹಡಗುಗಳ ಪಕ್ಕೆಗಳು ಮೇಲಕ್ಕೆ ಹೋದಂತೆ ಒಳಕ್ಕೆ ಬಾಗುತ್ತವೆ. ಬ್ರಿಟಿಷರದು ಕಪ್ಪು ಒಡಲು, ಬಿಳಿ ಮೇಲ್ಕಟ್ಟು, ತಿಳಿಹಳದಿ ಚಿಮಣಿ. ರಷ್ಯ–ಜಪಾನ್ ಯುದ್ಧದಲ್ಲಿ, 1905ರ ತ್ಸುಶಿಮಾ ಕಾಳಗಕ್ಕೆ ಬಂದ ರಷ್ಯನ್ ಹಡಗುಗಳ ಹಳದಿ ಚಿಮಣಿಗೆ ಕಪ್ಪು ಅಂಚು. ಬೂದುಬಣ್ಣ ಬಳಿದುಕೊಂಡಿದ್ದ ಜಪಾನೀಯರಿಗೆ ಆ ಹಳದಿ ದೂರದಿಂದಲೇ ಗುರಿ ತೋರಿಸಿತು.

ಹಡಗು ಎಲ್ಲಿ ಸಿಗುತ್ತದೆ?

ಈ ಕಾಲದ ಕಾಳಗಗಳನ್ನು ಪುಟ್ಟ ಮಾದರಿ ಹಡಗುಗಳಿಂದ ಮೇಜಿನ ಮೇಲೆ ಆಡುವ ಹವ್ಯಾಸಕ್ಕೆ ಇಳಿಯುವ ಹೊಸಬರು ಮೊದಲು ನಿರ್ಧರಿಸಬೇಕಾದ್ದು ಸ್ಕೇಲು. 131 ಮೀಟರ್ ದಾಟುವ ಮಿಕಾಸಾ 1:1250ರಲ್ಲಿ ಹತ್ತೂವರೆ ಸೆಂಟಿಮೀಟರ್ ಆಗುತ್ತದೆ, 1:2400ರಲ್ಲಿ ಐದೂವರೆ, 1:3000ರಲ್ಲಿ ಒಂದು ಬೆಂಕಿಕಡ್ಡಿಯಷ್ಟು, 1:6000ರಲ್ಲಿ ಎರಡು ಸೆಂಟಿಮೀಟರಿಗಿಂತ ತುಸು ಹೆಚ್ಚು. ತ್ಸುಶಿಮಾದಲ್ಲಿ ಗುಂಡಿನ ಕಾಳಗ ಶುರುವಾದದ್ದು ಹೆಚ್ಚುಕಡಿಮೆ 7000 ಮೀಟರ್ ದೂರದಲ್ಲಿ. 1:1250ರಲ್ಲಿ ಆ ದೂರವೇ ಐದೂವರೆ ಮೀಟರ್, ಅಂದರೆ ಒಂದು ಹಜಾರ ಬೇಕು. 1:3000ರಲ್ಲಿ ಎರಡೂಕಾಲು ಮೀಟರ್ ಚಿಲ್ಲರೆ. ಊಟದ ಮೇಜು ಜೋಡಿಸಿಕೊಂಡರೆ ಸಾಕು. ಜಾಗ ಇನ್ನೂ ಕಡಿಮೆಯಿದ್ದರೆ ಹಡಗಿಗೊಂದು, ದೂರಕ್ಕೊಂದು ಸ್ಕೇಲು ಇಟ್ಟುಕೊಳ್ಳುವ ರೂಢಿಯೂ ಇದೆ.

1:1250 ಜರ್ಮನ್ ಸಂಗ್ರಾಹಕರ ಅಚ್ಚುಮೆಚ್ಚಿನ ಅಳತೆ. ನೋಟಕ್ಕೆ ಸೊಗಸು, ಬೆಲೆ ದುಬಾರಿ. ದೊಡ್ಡ ದಂಡು ಕಟ್ಟುವವರು ಬ್ರಿಟನ್ನಿನ ನ್ಯಾವ್‌ವಾರ್ ಕಂಪನಿಯ 1:3000 ಲೋಹದ ಮಾದರಿಗಳತ್ತ ಹೋಗುತ್ತಾರೆ. 1:2400ರಲ್ಲಿ ಟಂಬ್ಲಿಂಗ್ ಡೈಸ್, ಪಾಂಜರ್‌ಶಿಫೆಯಂಥ ತಯಾರಕರಿದ್ದಾರೆ. ಇಲ್ಲಿಗೆ ತರಿಸಿಕೊಂಡರೆ ಅಂಚೆವೆಚ್ಚ, ಸುಂಕ ಸೇರಿ ಬೆಲೆ ಏರುತ್ತದೆ. ನಮ್ಮವರಿಗೆ ಹತ್ತಿರದ ದಾರಿ ಎಂದರೆ ಹಡಗಿನ ಡಿಜಿಟಲ್ ವಿನ್ಯಾಸವನ್ನು ಕೊಂಡು ಇಲ್ಲೇ ತ್ರೀಡಿ ಪ್ರಿಂಟ್ ಮಾಡಿಸುವುದು. ಬೆಂಗಳೂರಿನಲ್ಲಿ ಅಂಥ ಅಂಗಡಿಗಳಿಗೆ ಕೊರತೆಯಿಲ್ಲ. ಪ್ಲಾಸ್ಟಿಕ್ ಎಳೆ ಕರಗಿಸುವ ಯಂತ್ರ ಬೇಡ, ರೆಸಿನ್ ಯಂತ್ರವೇ ಬೇಕೆಂದು ಮೊದಲೇ ಹೇಳಬೇಕು. ಇಲ್ಲದಿದ್ದರೆ 6 ಇಂಚಿನ ತೋಪುಗಳೆಲ್ಲ ಗಂಟುಗಂಟಾಗಿ ಬರುತ್ತವೆ.

ಲೋಹದ ಮಾದರಿ ಬಂದಾಗ ಎರಕದ ಅಂಚಿನಲ್ಲಿ ತೆಳುವಾದ ಪೊರೆ ಉಳಿದಿರುತ್ತದೆ. ಅದನ್ನು ಸಣ್ಣ ಅರದಿಂದ ಉಜ್ಜಿ ತೆಗೆದು, ತಳಬಣ್ಣ ಹಚ್ಚಿ, ಒಣಗಿದ ಮೇಲೆ ಒಡಲಿಗೆ ಕಪ್ಪು, ಚಿಮಣಿಗೆ ಹಳದಿ. ಕೊನೆಗೆ ಕೂದಲೆಳೆಯಂಥ ಕುಂಚದಿಂದ ಚಿಮಣಿಯ ತುದಿಗೆ ಕಪ್ಪು ಅಂಚು. ಆ ಅಂಚು ಕೂತ ಕೂಡಲೇ ಅನಾಮಿಕ ಲೋಹದ ತುಂಡು ತ್ಸುಶಿಮಾದ ರಷ್ಯನ್ ದಳಪತಿ ಅಡ್ಮಿರಲ್ ರೊಝೆಸ್ಟ್‌ವೆನ್‌ಸ್ಕಿಯ ‘ಸುವೊರೊವ್’ ಆಗುತ್ತದೆ.

ನಿಯಮದೊಳಗಿನ ವಾದ

ನಿಯಮಪುಸ್ತಕ ಆರಿಸುವುದು ಹಡಗು ಆರಿಸುವುದಕ್ಕಿಂತ ಗಂಭೀರ ಕೆಲಸ. ಅಮೆರಿಕದ ಲೇಖಕ ಫ್ಲೆಚರ್ ಪ್ರ್ಯಾಟ್ 1940ರಲ್ಲಿ ಪ್ರಕಟಿಸಿದ ಆಟದಲ್ಲಿ ದಾಳವೇ ಇಲ್ಲ. ನೆಲದ ಮೇಲೆ ಬಾಗಿ, ಗುರಿ ಎಷ್ಟು ಇಂಚು ದೂರವಿದೆ ಎಂದು ಕಣ್ಣಳತೆಯಲ್ಲೇ ಊಹಿಸಿ ಬರೆಯಬೇಕು. ಟೇಪು ಹಿಡಿಯುವುದು ಆಮೇಲೆ. ಡ್ರೆಡ್‌ನಾಟ್‌ಪೂರ್ವ ಕಾಲಕ್ಕೆಂದೇ ಬರೆದ ಡೇವಿಡ್ ಮ್ಯಾನ್ಲಿಯವರ ‘ಫೈರ್ ವೆನ್ ರೆಡಿ’ ದಾಳದ ಮೇಲೆ ವೇಗವಾಗಿ ಸಾಗುತ್ತದೆ. ದೊಡ್ಡ ಕಾಳಗಗಳನ್ನು ಒಂದು ಸಂಜೆಯಲ್ಲಿ ಮುಗಿಸಲು ತಕ್ಕದ್ದು. ‘ಡಾನ್ ಆಫ್ ದ ಬ್ಯಾಟಲ್‌ಶಿಪ್’ ಪ್ರತಿ ತೋಪಿನ, ಪ್ರತಿ ಕವಚದ ಲೆಕ್ಕವನ್ನೂ ಕೇಳುತ್ತದೆ.

ಪ್ರತಿಯೊಂದು ನಿಯಮವೂ ಇತಿಹಾಸದ ಬಗೆಗಿನ ಒಂದು ವಾದ. 1905ರ ಮೇ 27ರಂದು ತ್ಸುಶಿಮಾದಲ್ಲಿ ರಷ್ಯನ್ ಹಡಗುಗಳು ಏಕೆ ಮುಳುಗಿದವು? ಅವು ಅತಿಭಾರ ಹೊತ್ತಿದ್ದವು. ಹೊಸ ಬೊರೊಡಿನೊ ವರ್ಗದ ಹಡಗುಗಳ ಕವಚದ ಪಟ್ಟಿ ನೀರಿನೊಳಗೇ ಇಳಿದುಹೋಗಿತ್ತು. ಜಪಾನೀಯರ ಶಿಮೋಸೆ ಸ್ಫೋಟಕ ತುಂಬಿದ ಗುಂಡುಗಳು ಕವಚ ಸೀಳುವುದಕ್ಕಿಂತ ಹೆಚ್ಚಾಗಿ ಬಡಿದಲ್ಲೇ ಸಿಡಿದು ಬೆಂಕಿ ಹಚ್ಚಿದವು. ‘ಗುಂಡು ಕವಚವನ್ನು ತೂರಿತೇ?’ ಎಂದಷ್ಟೇ ಕೇಳುವ ನಿಯಮದಲ್ಲಿ ಸುವೊರೊವ್ ಸಂಜೆಯವರೆಗೂ ಸಾಲಿನಲ್ಲೇ ಉಳಿಯುತ್ತದೆ. ನಿಜಕ್ಕೂ ಅದು ಒಂದು ಗಂಟೆಯೊಳಗೆ ಚುಕ್ಕಾಣಿ ಕಳೆದುಕೊಂಡು ಸಾಲಿನಿಂದ ಹೊರಬಿತ್ತು. ಬೆಂಕಿ, ಹೊಗೆ, ಸಿಬ್ಬಂದಿಯ ದಣಿವು ಇವುಗಳಿಗೆ ಲೆಕ್ಕ ಕೊಡದ ನಿಯಮಪುಸ್ತಕ ನನ್ನ ಮಟ್ಟಿಗೆ ಅಪೂರ್ಣ.

ಸೇನಾನಿಗಳೂ ಈ ಆಟವನ್ನು ಹಗುರವಾಗಿ ಕಾಣಲಿಲ್ಲ. ತ್ಸುಶಿಮಾದಲ್ಲಿ ಜಪಾನಿನ ದಳಪತಿಯಾಗಿದ್ದ ಅಡ್ಮಿರಲ್ ಟೋಗೊ ಅವರ ಯೋಜನೆಗಳ ಹಿಂದಿದ್ದ ಅಕಿಯಾಮಾ ಸನೆಯುಕಿ ಅಮೆರಿಕದಲ್ಲಿ ಅಧ್ಯಯನ ಮಾಡಿ, 1898ರ ಕ್ಯೂಬಾ ಸಮರವನ್ನು ಕಣ್ಣಾರೆ ಕಂಡು, ಊರಿಗೆ ಮರಳಿ ನೌಕಾ ಸ್ಟಾಫ್ ಕಾಲೇಜಿನಲ್ಲಿ ಇಂಥ ಆಟವನ್ನೇ ಪಾಠವಾಗಿಸಿದರು. ತ್ಸುಶಿಮಾದಲ್ಲಿ ಶತ್ರುವಿನ ಕಣ್ಣೆದುರೇ ಟೋಗೊ ತಮ್ಮ ಹನ್ನೆರಡು ಹಡಗುಗಳನ್ನು ಒಂದರ ಹಿಂದೊಂದು ಒಂದೇ ಬಿಂದುವಿನಲ್ಲಿ ತಿರುಗಿಸಿದ ಕ್ಷಣವನ್ನು ಪುಸ್ತಕದಲ್ಲಿ ಓದಿದರೆ ಅದು ಬರೀ ಧೈರ್ಯ. ಮೇಜಿನ ಮೇಲೆ ಒಂದೊಂದಾಗಿ ತಿರುಗಿಸಿ ನೋಡಿದರೆ, ಹದಿನೈದು ನಿಮಿಷ ಆ ಬಿಂದುವಿನ ಮೇಲೆ ಎಷ್ಟು ಗುಂಡು ಬೀಳಬಹುದಿತ್ತು ಎಂಬ ಲೆಕ್ಕವೂ ಎದುರಿಗೆ ಬರುತ್ತದೆ.

ಮೊದಲ ಹೆಜ್ಜೆ

ಬ್ರಿಟನ್ನಿನಲ್ಲಿ 1966ರಲ್ಲಿ ಹುಟ್ಟಿದ ನೇವಲ್ ವಾರ್‌ಗೇಮ್ಸ್ ಸೊಸೈಟಿ ಈ ಹವ್ಯಾಸಿಗಳನ್ನು ಇಂದಿಗೂ ಒಗ್ಗೂಡಿಸುತ್ತಿದೆ. ಹೊಸಬರು ಮಾತ್ರ ತ್ಸುಶಿಮಾದಿಂದ ಶುರು ಮಾಡಬಾರದು. ಅದಕ್ಕೆ ಎರಡೂ ಕಡೆ ಹನ್ನೆರಡು ಹಡಗುಗಳ ಸಾಲು ಬೇಕು. ಅದೇ ಯುದ್ಧದ, 1904ರ ಆಗಸ್ಟ್ 14ರ ಉಲ್ಸಾನ್ ಕಾಳಗಕ್ಕೆ ಏಳು ಹಡಗು ಸಾಕು: ರಷ್ಯದ ರೊಸಿಯಾ, ಗ್ರೊಮೊಬಾಯ್, ರೂರಿಕ್; ಎದುರಿಗೆ ಜಪಾನಿನ ಅಡ್ಮಿರಲ್ ಕಮಿಮುರಾ ಅವರ ನಾಲ್ಕು ಕವಚಧಾರಿ ಕ್ರೂಸರ್‌ಗಳು. ರೂರಿಕ್‌ನ ಚುಕ್ಕಾಣಿ ಮುರಿಯಿತು. ಜತೆಗಾರರೆರಡು ಅದನ್ನು ಕಾಯಲು ಮತ್ತೆ ಮತ್ತೆ ಹಿಂದಿರುಗಿ, ಕೊನೆಗೆ ತಾವು ಉಳಿಯಲು ವ್ಲಾಡಿವೊಸ್ಟಾಕಿನತ್ತ ಹೊರಟವು. ರೂರಿಕ್ ಮುಳುಗಿತು, ಅದರ 600ಕ್ಕೂ ಹೆಚ್ಚು ನಾವಿಕರನ್ನು ಜಪಾನೀಯರೇ ನೀರಿನಿಂದ ಎತ್ತಿದರು.

ರಷ್ಯದ ಕಡೆ ಕೂತವರು ಎಷ್ಟು ಬಾರಿ ಹಿಂದಿರುಗಬೇಕು? ಯಾವಾಗ ಬಿಟ್ಟು ಹೋಗಬೇಕು? ಉಳಿದೆರಡು ಹಡಗಿನ ಹಾನಿ, ಎದುರಾಳಿಯ ವೇಗ, ಬಂದರಿನ ದೂರ ಎಲ್ಲವನ್ನೂ ತೂಗಿ ಅಡ್ಮಿರಲ್ ಜೆಸ್ಸೆನ್ ಅಂದು ತೆಗೆದುಕೊಂಡ ತೀರ್ಮಾನವನ್ನು ತಾನೂ ತೆಗೆದುಕೊಳ್ಳಬೇಕಾದಾಗ, ಸೋತವರನ್ನು ಹೇಡಿಗಳೆಂದೋ ಮೂರ್ಖರೆಂದೋ ಜರಿಯುವ ಚಪಲ ಯಾರಿಗೂ ಉಳಿಯುವುದಿಲ್ಲ. ಈ ಹವ್ಯಾಸಕ್ಕೆ ಸಮಯ, ಹಣ ಎರಡನ್ನೂ ಕೊಡಬಹುದು ಎಂದು ನಾನು ಹೇಳುವುದು ಅದಕ್ಕಾಗಿಯೇ.