ಮುಖ್ಯ ಚಿತ್ರಕ್ಕೆ ಮುಂಚಿನ ಹದಿನೈದು ನಿಮಿಷ

ಭಾನುವಾರ ಬೆಳಗಿನ ಆಟಕ್ಕೆ ಮಾಟುಂಗದ ಕಡೆಯ ಚಿತ್ರಮಂದಿರಕ್ಕೆ ಕನ್ನಡ ಚಿತ್ರವೊಂದು ಬಂದಿತೆಂದರೆ ನಮ್ಮ ತಲೆಮಾರಿನ ಮುಂಬಯಿ ಕನ್ನಡಿಗರಿಗೆ ಅದೊಂದು ಹಬ್ಬವೇ ಆಗಿತ್ತು. ಆದರೆ ಮುಖ್ಯ ಚಿತ್ರಕ್ಕೆ ಮೊದಲು ಸರ್ಕಾರದ ಕಿರುಚಿತ್ರವೊಂದನ್ನು ಕಡ್ಡಾಯವಾಗಿ ತೋರಿಸುತ್ತಿದ್ದರು. ಆ ಹೊತ್ತಿನಲ್ಲಿ ಹೊರಗೆ ನಿಂತು ಬಟಾಟೆ ವಡೆ ತಿಂದು, ಊರಿನಿಂದ ಬಂದ ಕಾಗದದ ಸುದ್ದಿ ಹಂಚಿಕೊಂಡು, ಹೆಸರುಗಳು ತೆರೆಯ ಮೇಲೆ ಮೂಡುವ ವೇಳೆಗೆ ಒಳಗೆ ಹೋಗುವುದು ನಮ್ಮ ವಾಡಿಕೆ. ನಾನೂ ಹಾಗೆಯೇ ಮಾಡಿದವನು. ಹಾಗೆ ಕಳೆದುಕೊಂಡದ್ದು ಎಂಥದೆಂಬುದು ಬಹಳ ವರ್ಷಗಳ ಮೇಲೆ ನನಗೆ ತಿಳಿಯಿತು. ಆ ಅರಿವನ್ನು ಸಹೃದಯ ವಾಚಕರೊಡನೆ ಹಂಚಿಕೊಳ್ಳುವುದೇ ಈ ಲೇಖನದ ಉದ್ದೇಶ.

ನಮ್ಮ ನಗರದ ಪೆಡ್ಡರ್ ರಸ್ತೆಯಲ್ಲಿದ್ದ ಫಿಲ್ಮ್ಸ್ ಡಿವಿಜನ್ ಸಂಸ್ಥೆಯು 1948ರಲ್ಲಿ ಸ್ಥಾಪನೆಯಾಯಿತು. ಅಣೆಕಟ್ಟು, ಕೃಷಿ, ಪಂಚವಾರ್ಷಿಕ ಯೋಜನೆ ಮುಂತಾದ ವಿಷಯಗಳನ್ನು ಜನತೆಗೆ ತಿಳಿಸುವುದೇ ಅದರ ಮುಖ್ಯ ಕಾರ್ಯ. ಅಂತಹ ಕಚೇರಿಯೊಳಗೆ 1960ರ ದಶಕದ ನಡುವಿನಲ್ಲಿ ಹೊಸ ಗಾಳಿ ಬೀಸಿತು. ಯುನೆಸ್ಕೊದಿಂದ ಸಲಹೆಗಾರರಾಗಿ ಬಂದ ಜ್ಯಾನ್ ಭಾವನಗರಿಯವರು ತರುಣ ನಿರ್ದೇಶಕರಿಗೆ ಪ್ರಯೋಗದ ಸ್ವಾತಂತ್ರ್ಯವನ್ನು ಕೊಡಿಸಿದರು. ಅದರ ಫಲ ಇಂದಿಗೂ ಬೆರಗು ಹುಟ್ಟಿಸುವಂಥದು.

ಎಸ್. ಎನ್. ಎಸ್. ಶಾಸ್ತ್ರಿಯವರ 'ಐ ಆಮ್ ಟ್ವೆಂಟಿ' (1967) ಚಿತ್ರವನ್ನು ನೋಡಿ. ಸ್ವಾತಂತ್ರ್ಯ ಬಂದ 1947ರಲ್ಲೇ ಹುಟ್ಟಿ ಇಪ್ಪತ್ತು ತುಂಬಿದ ಯುವಕ ಯುವತಿಯರನ್ನು ದೇಶದ ನಾನಾ ಕಡೆಗಳಲ್ಲಿ ಮಾತನಾಡಿಸಿ, ಅವರ ಆಸೆಯನ್ನೂ ಅಸಮಾಧಾನವನ್ನೂ ಮುಚ್ಚುಮರೆಯಿಲ್ಲದೆ ಅದು ತೋರಿಸಿತು. ಸರ್ಕಾರದ ಹಣದಿಂದಲೇ ಸರ್ಕಾರದ ಸಾಧನೆಯನ್ನು ಪ್ರಶ್ನಿಸುವ ದನಿಗಳು ಕೇಳಿಬಂದುದು ಸಾಮಾನ್ಯ ಸಂಗತಿಯಲ್ಲ. ಅದೇ ವರ್ಷ ಚಿತ್ರಕಲಾವಿದ ಎಂ. ಎಫ್. ಹುಸೇನರು ರಾಜಸ್ಥಾನದಲ್ಲಿ ತೆಗೆದ 'ಥ್ರೂ ದಿ ಐಸ್ ಆಫ್ ಎ ಪೇಂಟರ್' ಚಿತ್ರದಲ್ಲಿ ಕಥೆಯೂ ಇಲ್ಲ, ವಿವರಣೆಯ ಮಾತೂ ಇಲ್ಲ. ಕೊಡೆ, ಲಾಂದ್ರ, ಪಾದರಕ್ಷೆಗಳಂತಹ ವಸ್ತುಗಳು ಒಂದರ ಪಕ್ಕಕ್ಕೊಂದು ಬಂದು ತಮ್ಮಷ್ಟಕ್ಕೆ ಅರ್ಥವನ್ನು ಬೆಳೆಸಿಕೊಳ್ಳುತ್ತವೆ. ಬರ್ಲಿನ್ ಚಿತ್ರೋತ್ಸವವು ಅದಕ್ಕೆ ಕಿರುಚಿತ್ರ ವಿಭಾಗದ ಸುವರ್ಣ ಕರಡಿ ಪ್ರಶಸ್ತಿಯನ್ನಿತ್ತು ಗೌರವಿಸಿತು.

ಒರಿಸ್ಸಾದ ಪ್ರಮೋದ್ ಪತಿಯವರದು ಇನ್ನೊಂದು ಮಾರ್ಗ. ಕುಟುಂಬ ಯೋಜನೆಯಂತಹ ಆರೋಗ್ಯ ಪ್ರಚಾರದ ವಿಷಯವನ್ನೂ ಅವರು 'ಕ್ಲಾಕ್ಸ್‌ಪ್ಲೋಷನ್' (1968) ಎಂಬ ಪುಟ್ಟ ಚಿತ್ರದಲ್ಲಿ ಪ್ರಯೋಗದ ವಸ್ತುವಾಗಿಸಿದರು. ಅದೇ ವರ್ಷದ 'ಎಕ್ಸ್‌ಪ್ಲೋರರ್' ಚಿತ್ರದಲ್ಲಿ ಕಣ್ಣು ರೆಪ್ಪೆ ಬಡಿಯುವಷ್ಟರಲ್ಲಿ ದೃಶ್ಯಗಳು ಬದಲಾಗುತ್ತವೆ. 'ಆಬಿದ್' (1972) ಚಿತ್ರದಲ್ಲಿ ಕಲಾವಿದ ಆಬಿದ್ ಸುರ್ತಿಯವರನ್ನು ಗೊಂಬೆಯ ಚಲನಚಿತ್ರದಂತೆ ಚೌಕಟ್ಟು ಚೌಕಟ್ಟಾಗಿ ನಿಲ್ಲಿಸಿ ಚಿತ್ರೀಕರಿಸಿದರು. ಮನುಷ್ಯನೇ ಚಿತ್ರದ ಬಣ್ಣಗಳೊಡನೆ ಕುಣಿಯುವಂತೆ ಕಾಣುತ್ತಾನೆ. ಪತಿಯವರು 1975ರಲ್ಲಿ, ಇನ್ನೂ ನಡುವಯಸ್ಸಿನಲ್ಲಿಯೇ, ತೀರಿಕೊಂಡರು.

ಈ ಸಾಲಿನಲ್ಲಿ ತೈಯಬ್ ಮೆಹ್ತಾ ಅವರ 'ಕೂಡಲ್' (1970) ಚಿತ್ರವನ್ನು ಕನ್ನಡಿಗರು ವಿಶೇಷವಾಗಿ ನೆನೆಯಬೇಕು. ಸೇರುವ ತಾಣ ಎಂಬರ್ಥದ ಈ ತಮಿಳು ಪದವು ಕೂಡಲಸಂಗಮವನ್ನು ಬಲ್ಲ ನಮಗೆ ಅಪರಿಚಿತವಲ್ಲ. ಬಾಂದ್ರಾದ ಕಸಾಯಿಖಾನೆಯ ಪ್ರಾಣಿಗಳನ್ನೂ ನಗರದ ಜನಸಂದಣಿಯನ್ನೂ ಎದುರುಬದುರಾಗಿ ನಿಲ್ಲಿಸುವ ಆ ಹದಿನಾರು ನಿಮಿಷಗಳನ್ನು ನೋಡಿದ ಮೇಲೆ ಸ್ಥಳೀಯ ರೈಲಿನ ನೂಕುನುಗ್ಗಲು ಮೊದಲಿನಂತೆ ಕಾಣುವುದಿಲ್ಲ.

ಆದರೆ ಕಿರುಚಿತ್ರದ ಆಯುಸ್ಸೂ ಕಿರಿದಾಗಬಹುದೆಂಬುದಕ್ಕೆ ಒಂದು ನಿದರ್ಶನವಿದೆ. ಕಲಾವಿದ ಅಕ್ಬರ್ ಪದಮ್ಸೀ ಅವರು ತಮಗೆ ದೊರೆತ ನೆಹರೂ ಫೆಲೋಶಿಪ್ಪಿನ ಹಣದಿಂದ ಕಲಾವಿದರಿಗೂ ಚಲನಚಿತ್ರಕಾರರಿಗೂ ಒಂದು ಕಾರ್ಯಾಗಾರವನ್ನು ಮುಂಬಯಿಯಲ್ಲಿ ತೆರೆದು, 1969ರಲ್ಲಿ 'ಇವೆಂಟ್ಸ್ ಇನ್ ಎ ಕ್ಲೌಡ್ ಛೇಂಬರ್' ಎಂಬ ಚಿತ್ರವನ್ನು ತಯಾರಿಸಿದರು. ಅದರ ಪ್ರತಿ ಇದ್ದುದು ಒಂದೇ ಒಂದು. ಪ್ರದರ್ಶನಕ್ಕೆಂದು ಕಳುಹಿಸಿದ ಆ ಪ್ರತಿ ಕಳೆದುಹೋಯಿತು. ಸುಮಾರು ಅರ್ಧ ಶತಮಾನದ ಅನಂತರ, 2016ರಲ್ಲಿ, ಅಶೀಮ್ ಅಹ್ಲುವಾಲಿಯಾ ಅವರು ಇಳಿವಯಸ್ಸಿನ ಪದಮ್ಸೀ ಅವರ ನೆನಪನ್ನೇ ಆಧಾರವಾಗಿಟ್ಟುಕೊಂಡು, ಇಲ್ಲವಾದ ಚಿತ್ರವನ್ನು ಮತ್ತೆ ಕಲ್ಪಿಸಿ ಒಂದು ಕಿರುಚಿತ್ರ ಮಾಡಿದರು. ನೋಡುವವರಿಲ್ಲದ ಚಿತ್ರವನ್ನು ಕಾಪಾಡುವವರೂ ಇರುವುದಿಲ್ಲ ಎಂಬ ಕಹಿ ಸತ್ಯವನ್ನು ಈ ಘಟನೆ ಹೇಳುತ್ತದೆ.

ಇನ್ನು ನಮ್ಮ ಕನ್ನಡದ ಪಾಲನ್ನು ನೋಡೋಣ. ಮೂರು ಸಣ್ಣಕಥೆಗಳನ್ನು ಒಂದೇ ಚಿತ್ರದಲ್ಲಿ ಪೋಣಿಸಿ ಪುಟ್ಟಣ್ಣ ಕಣಗಾಲರು 1976ರಲ್ಲಿ 'ಕಥಾಸಂಗಮ'ವನ್ನು ತೆರೆಗೆ ತಂದರು. ಅದೇ ಹೆಸರಿನಲ್ಲಿ 2019ರಲ್ಲಿ ಏಳು ಮಂದಿ ನಿರ್ದೇಶಕರು ಏಳು ಕಿರುಕಥೆಗಳನ್ನು ನೀಡಿದರು. ನೆರೆಯ ಪುಣೆಯ ಚಲನಚಿತ್ರ ಸಂಸ್ಥೆಯಲ್ಲಿ ಕಲಿತ ಗಿರೀಶ್ ಕಾಸರವಳ್ಳಿಯವರು ವಿದ್ಯಾರ್ಥಿಯಾಗಿ ತಯಾರಿಸಿದ 'ಅವಶೇಷ್' ಎಂಬ ಕಿರುಚಿತ್ರ ರಾಷ್ಟ್ರಪ್ರಶಸ್ತಿಯನ್ನು ಪಡೆಯಿತು. ಎರಡೇ ವರ್ಷಗಳಲ್ಲಿ, 1977ರಲ್ಲಿ, ಅವರ 'ಘಟಶ್ರಾದ್ಧ' ಬಂದಿತು. ಬೀಜ ಚಿಕ್ಕದೆಂದು ಕಡೆಗಣಿಸಬಾರದು.

ಅದೇ ಪುಣೆಯ ಸಂಸ್ಥೆಯಿಂದ 2024ರಲ್ಲಿ ಮತ್ತೊಂದು ಶುಭವಾರ್ತೆ ಬಂದಿತು. ಮೈಸೂರಿನ ಚಿದಾನಂದ ನಾಯ್ಕ ಅವರ 'ಸನ್‌ಫ್ಲವರ್ಸ್ ವರ್ ದಿ ಫಸ್ಟ್ ಒನ್ಸ್ ಟು ನೋ' ಎಂಬ ಕನ್ನಡ ಕಿರುಚಿತ್ರಕ್ಕೆ ಕಾನ್ ಚಿತ್ರೋತ್ಸವದ ವಿದ್ಯಾರ್ಥಿ ವಿಭಾಗದಲ್ಲಿ ಮೊದಲ ಬಹುಮಾನ ದೊರೆಯಿತು. ಜಗತ್ತಿನ 555 ಚಲನಚಿತ್ರ ಶಾಲೆಗಳಿಂದ ಬಂದ 2,263 ಚಿತ್ರಗಳಲ್ಲಿ ಆಯ್ಕೆಯಾದವು 18. ಅವುಗಳಲ್ಲಿ ಇದು ಮೊದಲನೆಯದು. ಮುದುಕಿಯೊಬ್ಬಳು ಹುಂಜವನ್ನು ಕದ್ದೊಯ್ದುದರಿಂದ ಊರಿಗೆ ಬೆಳಗೇ ಆಗದೆ ಹೋಯಿತೆಂಬ ಜನಪದ ಕಥೆಯೇ ಅದರ ವಸ್ತು. ಅಜ್ಜಿ ಹೇಳುತ್ತಿದ್ದಂಥ ಕಥೆಯೊಂದು ಹದಿನಾರು ನಿಮಿಷಗಳಲ್ಲಿ ಕಡಲು ದಾಟಿತು.

ಇನ್ನೊಂದು ಸಂಗತಿಯೂ ಉಂಟು. ಶ್ರೀ ನಾಯ್ಕ ಅವರು ವೈದ್ಯಕೀಯ ಪದವಿ ಪಡೆದವರು. ವೈದ್ಯವೃತ್ತಿಯ ಭದ್ರತೆಯನ್ನು ಬದಿಗಿಟ್ಟು ಕ್ಯಾಮೆರಾದತ್ತ ಹೊರಟ ಮಗನನ್ನು ಕಂಡು ಯಾವ ತಂದೆತಾಯಿಗೆ ತಳಮಳವಾಗದು? ಹೊಟ್ಟೆಪಾಡಿಗಾಗಿ ಊರು ಬಿಟ್ಟು ಬಂದ ನಮಗಂತೂ ಮಕ್ಕಳ ಸ್ಥಿರವಾದ ಉದ್ಯೋಗವೇ ದೊಡ್ಡ ನೆಮ್ಮದಿ. ಎಲ್ಲರಿಗೂ ಬಹುಮಾನ ಸಿಗುವುದಿಲ್ಲ. ಕಿರುಚಿತ್ರದಿಂದ ಸಂಸಾರ ಸಾಗುವುದೂ ಸುಲಭವಲ್ಲ. ಇದನ್ನು ಮರೆಮಾಚಿ ಹುರಿದುಂಬಿಸುವುದು ಸಲ್ಲದು. ಆದರೂ ಮನೆಯಲ್ಲಿ ಮರಾಠಿಯನ್ನೋ ಹಿಂದಿಯನ್ನೋ ಆಡುತ್ತ ಬೆಳೆದ ಹುಡುಗಿಯೊಬ್ಬಳು, ತನ್ನ ಅಜ್ಜಿಯ ಕನ್ನಡವನ್ನು ಕೈಯ ಫೋನಿನಲ್ಲಿ ಹತ್ತು ನಿಮಿಷ ಚಿತ್ರೀಕರಿಸಿ ತಂದು ತೋರಿಸಿದರೆ, ಅದನ್ನು ಹುಡುಗಾಟವೆಂದು ತಳ್ಳಿಹಾಕದಿರುವಷ್ಟು ಔದಾರ್ಯ ನಮ್ಮಲ್ಲಿರಬೇಕು.

ಫಿಲ್ಮ್ಸ್ ಡಿವಿಜನ್ 2022ರಲ್ಲಿ ರಾಷ್ಟ್ರೀಯ ಚಲನಚಿತ್ರ ಅಭಿವೃದ್ಧಿ ನಿಗಮದಲ್ಲಿ ವಿಲೀನವಾಯಿತು. ಮುಖ್ಯ ಚಿತ್ರಕ್ಕೆ ಮುಂಚೆ ಕಿರುಚಿತ್ರ ತೋರಿಸುವ ಪದ್ಧತಿ ಅದಕ್ಕೂ ಮೊದಲೇ ನಿಂತುಹೋಗಿತ್ತು. ಆ ಹದಿನೈದು ನಿಮಿಷಗಳನ್ನು ಉಳಿಸಿಕೊಳ್ಳುವ ಹೊಣೆ ಈಗ ನಮ್ಮಂತಹ ಸಂಘಗಳ ಮೇಲಿದೆ. ರಾಜ್ಯೋತ್ಸವದ ನಾಟಕಕ್ಕೆ ಮುನ್ನ ಒಂದು ಕಿರುಚಿತ್ರ, ಅದರ ಮೇಲೆ ಹತ್ತು ನಿಮಿಷ ಮಾತುಕತೆ. ಇಷ್ಟಕ್ಕೆ ಹೆಚ್ಚಿನ ಖರ್ಚಿಲ್ಲ. ಹಳೆಯ ಸದಸ್ಯರ ಮನೆಗಳಲ್ಲಿ ಸಂಘದ ಸಮಾರಂಭಗಳ ಫಿಲ್ಮ್ ಸುರುಳಿಗಳೋ ವಿಡಿಯೋ ಕ್ಯಾಸೆಟ್ಟುಗಳೋ ಇದ್ದರೆ ಅವನ್ನೂ ಹೊರತೆಗೆಯಬೇಕು. ಫಿಲ್ಮ್ ಡಬ್ಬಿಯನ್ನು ತೆರೆದಾಗ ವಿನೆಗರಿನಂಥ ಹುಳಿ ವಾಸನೆ ಬಂದರೆ ಅದು ಕೊಳೆಯತೊಡಗಿದೆಯೆಂದೇ ಅರ್ಥ. ಕಡಲತೀರದ ಶೆಕೆ, ತೇವಗಳಲ್ಲಿ ಈ ರೋಗ ಬೇಗ ಹರಡುತ್ತದೆ. ತಡಮಾಡದೆ ಪ್ರತಿ ಮಾಡಿಸಿಡುವುದೇ ಅದಕ್ಕೆ ಮದ್ದು.

ಮುಂದಿನ ವಾರ್ಷಿಕೋತ್ಸವದಲ್ಲಿ ದೀಪ ಆರಿ ಕಿರುಚಿತ್ರ ಆರಂಭವಾದಾಗ ದಯವಿಟ್ಟು ಯಾರೂ ವಡೆ ತಿನ್ನಲು ಹೊರಗೆ ಹೋಗಬೇಡಿ. ಈ ಬಾರಿ ನಾನೂ ಒಳಗೇ ಕುಳಿತಿರುತ್ತೇನೆ.