ಗಗನಮಾರ್ಗವೂ ಕಂಬಿಯ ಹಾದಿಯೂ

ದೂರದ ಊರಿಗೆ ಹೊರಡುವವರು ಪ್ರಯಾಣದ ಕಾಲವನ್ನು ವಾಹನವು ಚಲಿಸಿದಂದಿನಿಂದ ಎಣಿಸುವುದು ವಾಡಿಕೆ. ಮನೆಯ ಬಾಗಿಲಿಗೆ ಬೀಗ ಹಾಕಿದ ಗಳಿಗೆಯಿಂದ ಎಣಿಸುವುದೇ ನ್ಯಾಯವೆಂದು ನಾವು ತಿಳಿಯುತ್ತೇವೆ. ಈ ಲೆಕ್ಕವು ದೊಡ್ಡ ಸಂಸ್ಥೆಗಳನ್ನೂ ಅಲುಗಿಸಬಲ್ಲುದೆಂಬುದಕ್ಕೆ ಸ್ಪೇನ್ ದೇಶದ ಮ್ಯಾಡ್ರಿಡ್ ಮತ್ತು ಬಾರ್ಸಿಲೋನಾ ನಗರಗಳ ನಡುವಣ ಮಾರ್ಗವೇ ಸಾಕ್ಷಿ.

1974ರಲ್ಲಿ ಇಬೇರಿಯಾ ವಿಮಾನಸಂಸ್ಥೆಯು ಇಲ್ಲಿ 'ಗಗನಸೇತುವೆ' ಎಂಬರ್ಥದ ಹೆಸರಿನ ಏರ್ಪಾಟೊಂದನ್ನು ಮಾಡಿದ್ದಿತು. ಸ್ಥಳವನ್ನು ಮುಂಗಡವಾಗಿ ಕಾದಿರಿಸಬೇಕಾದುದಿಲ್ಲ. ನಿಲ್ದಾಣಕ್ಕೆ ಹೋಗಿ ಮುಂದಿನ ವಿಮಾನವನ್ನೇರಿದರಾಯಿತು. ವ್ಯಾಪಾರಿಗಳಿಗೆ ಇದು ಬಹಳ ಒಪ್ಪಿತು. ಜಗತ್ತಿನ ಅತ್ಯಂತ ದಟ್ಟಣೆಯ ವಿಮಾನಮಾರ್ಗಗಳಲ್ಲಿ ಇದೂ ಒಂದೆನಿಸಿತು. ಮುಂದೆ, 2004ರಲ್ಲಿ ಹುಟ್ಟಿದ ವ್ಯೂಲಿಂಗ್ ಎಂಬ ಅಗ್ಗದ ದರದ ವಿಮಾನಸಂಸ್ಥೆಯೂ ಈ ಮಾರ್ಗಕ್ಕಿಳಿದು ಸ್ಪರ್ಧೆಗೆ ನಿಂತಿತು.

ಆದರೆ 2008ರ ಫೆಬ್ರವರಿ 20ರಂದು 621 ಕಿಲೋಮೀಟರುಗಳ ಅತಿವೇಗದ ರೈಲುಮಾರ್ಗವು ಪೂರ್ಣವಾಯಿತು. ಗಾಡಿಗೆ ಸುಮಾರು ಎರಡೂವರೆ ಗಂಟೆ ಹಿಡಿಯುವುದು. ವಿಮಾನಕ್ಕೆ ಅದರ ಅರ್ಧವೇ ಸಾಕು. ಹಾಗಾದರೂ ಜನರು ಗಾಡಿಯ ಕಡೆಗೆ ತಿರುಗಿದರು. ವಿಮಾನನಿಲ್ದಾಣವು ಊರ ಹೊರಗೆ. ಅಲ್ಲಿಗೆ ಬೇಗನೆ ಹೋಗಬೇಕು, ತಪಾಸಣೆಗೆ ನಿಲ್ಲಬೇಕು, ಇಳಿದ ಮೇಲೆ ಮತ್ತೆ ಊರೊಳಕ್ಕೆ ಬರಬೇಕು. ಗಾಡಿಯಾದರೋ ಮ್ಯಾಡ್ರಿಡ್‌ನ ಅತೋಚಾದಿಂದ ಬಾರ್ಸಿಲೋನಾದ ಸಾಂಟ್ಸ್‌ಗೆ, ಊರೊಳಗಿನಿಂದ ಊರೊಳಕ್ಕೆ ಒಯ್ಯುವುದು. ಕೈಕೂಸನ್ನೋ ಮುದುಕರನ್ನೋ ಕರೆದುಕೊಂಡು ಹೊರಟವರಿಗೆ ಇದರ ಬೆಲೆಯನ್ನು ನಾವು ಹೇಳಬೇಕಾದುದಿಲ್ಲ. 2013ರಲ್ಲಿ ಸರಕಾರದ ರೈಲುಸಂಸ್ಥೆಯಾದ ರೆನ್ಫೆಯು ದರಗಳನ್ನು ಇಳಿಸಿದ ಮೇಲಂತೂ ವಿಮಾನದ ಪಾಲು ಇನ್ನಷ್ಟು ಕುಗ್ಗಿತು.

ವಿಮಾನವನ್ನು ಗೆದ್ದ ರೆನ್ಫೆಗೆ ಕಂಬಿಯ ಮೇಲೆಯೇ ಎದುರಾಳಿಗಳು ಬಂದರು. 2021ರ ಮೇ ತಿಂಗಳಲ್ಲಿ ಫ್ರಾನ್ಸಿನ ಸರಕಾರೀ ರೈಲುಸಂಸ್ಥೆಯು ವೀಗೋ ಎಂಬ ಎರಡಂತಸ್ತಿನ ಗಾಡಿಗಳನ್ನು ತಂದು, 9 ಯೂರೋವಿನಿಂದ, ಎಂದರೆ ಅಂದಿನ ಲೆಕ್ಕದಲ್ಲಿ ಸುಮಾರು 800 ರೂಪಾಯಿಗಳಿಂದ, ಚೀಟಿಗಳನ್ನು ಮಾರಿತು. ದೊಡ್ಡ ಪೆಟ್ಟಿಗೆಗೆ ಬೇರೆ ಹಣ! ಅಗ್ಗದ ವಿಮಾನಗಳ ವಿದ್ಯೆಯನ್ನೇ ರೈಲು ಕಲಿತಂತಾಯಿತು. ಮರುತಿಂಗಳು ರೆನ್ಫೆಯೂ ಆವ್ಲೊ ಎಂಬ ತನ್ನ ಅಗ್ಗದ ಗಾಡಿಯನ್ನು ಹೊರಡಿಸಿತು. 2022ರ ನವೆಂಬರಿನಲ್ಲಿ ಬಂದ ಇರ್ಯೊ ಸಂಸ್ಥೆಯ ಪಾಲುದಾರರಲ್ಲಿ ಏರ್ ನಾಸ್ಟ್ರಂ ಎಂಬ ವಿಮಾನಸಂಸ್ಥೆಯವರೂ ಇದ್ದರೆಂದರೆ ವಾಚಕರು ನಕ್ಕಾರು.

ಈ ಮೇಲಾಟದ ಲಾಭವು ಎಲ್ಲರಿಗೂ ಸಮನಾಗಿ ದೊರೆತಿಲ್ಲ. ಹೊಸದಾಗಿ ಬಂದ ಎರಡು ಸಂಸ್ಥೆಗಳ ಗಾಡಿಗಳೂ ನಡುವೆ ಸಾರಗೋಸಾದಂಥ ದೊಡ್ಡ ಊರುಗಳಲ್ಲಿ ನಿಲ್ಲುವುವು. ಅದೇ ಕಂಬಿಯ ಮೇಲಿರುವ ಸಣ್ಣ ಊರಾದ ಕಲತಾಯುದನ್ನು ನಿಲ್ಲದೆ ದಾಟುವುವು. ಆ ಊರಿನವರು ರೆನ್ಫೆಯ ಗಾಡಿಗಾಗಿಯೇ ಕಾದಿರಬೇಕು.